ಕ್ಲಿಪ್ ಹಾಕಿಸಿದ ಮೇಲೆ ಹಲ್ಲು ಅಲುಗುತ್ತಿದೆ, ತೆಗೆಸಿಬಿಡಲೇ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಉಬ್ಬು ಹಲ್ಲಿಗೆಂದು ನಾಲ್ಕು ತಿಂಗಳ ಹಿಂದೆ ತುಮಕೂರಿನಲ್ಲಿ ಕ್ಲಿಪ್ ಹಾಕಿಸಿದೆವು. ಈಗ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಒತ್ತಿದರೆ ಅಲುಗುತ್ತವೆ. ದವಡೆಯ ಮೂಳೆ ಸವೆದು ಹಲ್ಲು ಉದುರುತ್ತವೆ, ತೆಗೆಸಿಬಿಡು ಎನ್ನುತ್ತಾರೆ ಅತ್ತೆಯವರು. ಏನು ಮಾಡಲಿ?
– ಗೃಹಿಣಿ, ಪಾವಗಡ

ಉತ್ತರ: ತೆಗೆಸಬೇಡಿ ತಾಯಿ. ಆದರೆ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಮೂಳೆ ಕರಗುವುದು ನಿಜ. ಕರಗದಿದ್ದರೆ ಹಲ್ಲು ಜರುಗುವುದೇ ಇಲ್ಲ.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ನೆಟ್ಟಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಅಗಲದ ನಾರಿನ ಪದರವಿದೆ. ತಂತಿ ಎಳೆದಾಗ, ಹಲ್ಲು ಸಾಗಬೇಕಾದ ಕಡೆ ಈ ನಾರು ಅಮುಕಿಕೊಳ್ಳುತ್ತದೆ. ಅಲ್ಲಿನ ಜೀವಕೋಶಗಳು ಮೂಳೆಯನ್ನು ಕರಗಿಸಿ ದಾರಿ ಬಿಡಿಸುತ್ತವೆ. ಹಿಂದುಗಡೆ ನಾರು ಬಿಗಿಯುತ್ತದೆ. ಅಲ್ಲಿ ಬೇರೆ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಕರಗಿಸುವವರು ಚುರುಕು, ಕಟ್ಟುವವರು ನಿಧಾನ. ನಿಮ್ಮ ಬೆರಳಿಗೆ ಸಿಗುತ್ತಿರುವ ಅಲುಗಾಟ ಈ ನಡುವಿನ ಸಮಯದ್ದು. ಮುಂದಿನ ಬಾರಿ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಎಕ್ಸ್‌ರೇ ತೋರಿಸಲು ಕೇಳಿ: ಬೇರಿನ ಸುತ್ತ ಕೂದಲೆಳೆಯಂತಿರುವ ಕಪ್ಪು ಗೆರೆ ಈಗ ಕೊಂಚ ದಪ್ಪಗೆ ಕಾಣುತ್ತದೆ.

ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ‘ಇನ್ನೂ ಬಿಗಿ ಮಾಡಿ ಡಾಕ್ಟರೇ, ಮದುವೆ ಇದೆ’ ಎನ್ನುವವರನ್ನು ನಾನು ದಿನವೂ ನೋಡುತ್ತೇನೆ. ಅತಿಯಾಗಿ ಬಿಗಿದರೆ ಆ ನಾರಿಗೆ ರಕ್ತ ಹರಿಯದೆ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚು.

ಭಯಪಡಬೇಕಾದದ್ದು ತಂತಿಗಲ್ಲ, ವಸಡಿಗೆ. ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡು) ಸುತ್ತ ಅನ್ನದಗುಳು ಕೂತು ವಸಡು ಊದಿ ರಕ್ತ ಬರುತ್ತಿದ್ದರೆ ಮೂಳೆ ನಿಜವಾಗಿಯೂ ನಷ್ಟವಾಗುತ್ತದೆ, ಅದು ಮತ್ತೆ ಸುಲಭವಾಗಿ ಬೆಳೆಯುವುದಿಲ್ಲ. ರಾತ್ರಿ ಐದು ನಿಮಿಷ ಕನ್ನಡಿ ಮುಂದೆ ನಿಂತು ಉಜ್ಜಲಿ. ಒಂದೇ ಹಲ್ಲು ಉಳಿದವಕ್ಕಿಂತ ತೀರಾ ಸಡಿಲವಾದರೆ, ಕೀವು ಬಂದರೆ ತಡಮಾಡದೆ ತೋರಿಸಿ.

ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಕಲೆಯಾದ ಹಲ್ಲಿನ ಮೇಲೆ ಬ್ರಾಕೆಟ್ ಅಂಟಿಸುವುದು ಕಷ್ಟ, ಆಗಾಗ ಕಿತ್ತು ಬರಬಹುದು. ಹುರಿದ ಕಡಲೆಕಾಯಿ, ಕೋಡುಬಳೆ ಸದ್ಯಕ್ಕೆ ಬೇಡ. ಮುದ್ದೆಗೆ ಅಡ್ಡಿಯಿಲ್ಲ, ಅದನ್ನು ಹೇಗೂ ನುಂಗುತ್ತೇವೆ.

ಕ್ಲಿಪ್ ತೆಗೆದ ದಿನ ರಿಟೇನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ಹಾಕಿಕೊಳ್ಳುವ ಸಾಧನ, ಕೊಡುತ್ತಾರೆ. ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ವರ್ಷವೇ ಬೇಕು; ಅಷ್ಟರೊಳಗೆ ರಿಟೇನರ್ ಡಬ್ಬಿಯಲ್ಲೇ ಉಳಿದರೆ ಹಲ್ಲು ಹಳೆಯ ಜಾಗದತ್ತ ಹೊರಡುತ್ತದೆ.