ಕಸಿ ಕಿಡ್ನಿ ಚೆನ್ನಾಗಿದೆ, ಆದರೂ ಮೂಳೆನೋವೇಕೆ?

ಪ್ರಶ್ನೆ: ನನಗೆ 43 ವರ್ಷ. ಐದು ವರ್ಷ ಡಯಾಲಿಸಿಸ್ ಮಾಡಿಸಿಕೊಂಡ ಮೇಲೆ, 14 ತಿಂಗಳ ಹಿಂದೆ ತಾಯಿಯವರ ಕಿಡ್ನಿ ಕಸಿ ಮಾಡಿಸಿಕೊಂಡಿದ್ದೇನೆ. ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ 1.2 ಇದೆ. ಎರಡು ತಿಂಗಳಿಂದ ನಡೆಯುವಾಗ ಬಲ ತೊಡೆಸಂದಿಯಲ್ಲಿ ನೋವಿದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ 11.2, ರಂಜಕ 2.1, ಪಿಟಿಎಚ್ 260 ಎಂದು ಬಂದಿದೆ. ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ಮೂಳೆನೋವು ಎಂದೊಡನೆ ಕ್ಯಾಲ್ಸಿಯಂ ಮಾತ್ರೆ ನುಂಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ನಿಮ್ಮ ರಕ್ತದಲ್ಲಿ ಕ್ಯಾಲ್ಸಿಯಂ ಈಗಾಗಲೇ ಮಿತಿ ಮೀರಿದೆ. ಅದರಲ್ಲೊಂದು ಪಾಲು ನಿಮ್ಮ ಮೂಳೆಯಿಂದಲೇ ಕರಗಿ ಬಂದದ್ದು.

ಕಿಡ್ನಿ ಕೆಟ್ಟಿದ್ದ ವರ್ಷಗಳಲ್ಲಿ ರಂಜಕ ಏರಿ, ಸಕ್ರಿಯ ವಿಟಮಿನ್ ಡಿ ಕುಗ್ಗಿ, ಕುತ್ತಿಗೆಯಲ್ಲಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತರುವ ಪಿಟಿಎಚ್ ಹಾರ್ಮೋನನ್ನು ಬಿಡುವಿಲ್ಲದೆ ಸ್ರವಿಸುತ್ತ ದಪ್ಪಗಾಗಿರುತ್ತವೆ. ಕಿಡ್ನಿ ಹೊಸದಾದರೂ ಗ್ರಂಥಿಗಳು ಹಳೆಯವೇ. ಹಲವರಲ್ಲಿ ಒಂದು ವರ್ಷದೊಳಗೆ ಅವು ಹತೋಟಿಗೆ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ಆ ಹಾರ್ಮೋನಿನ ಮಾತು ಕೇಳುವ ಶಕ್ತಿ ಈಗ ಹೊಸ ಕಿಡ್ನಿಗೆ ಇರುವುದರಿಂದಲೇ ರಂಜಕ ಮೂತ್ರದಲ್ಲಿ ಸೋರಿಹೋಗಿ, ಕ್ಯಾಲ್ಸಿಯಂ ರಕ್ತದಲ್ಲಿ ಉಳಿಯುತ್ತಿದೆ. ಇದು ಮುಂದುವರಿದರೆ ಮೂಳೆಗೂ ಕಿಡ್ನಿಗೂ ಹಾನಿ. ವಿಟಮಿನ್ ಡಿ ಮಟ್ಟವನ್ನು ಪರೀಕ್ಷಿಸಿದ ಬಳಿಕ ಪಿಟಿಎಚ್ ತಗ್ಗಿಸುವ ಸಿನಾಕಾಲ್ಸೆಟ್ ಮಾತ್ರೆ ಕೊಡಬೇಕೇ, ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಬೇಕೇ ಎಂಬುದನ್ನು ನಿಮ್ಮ ಕಿಡ್ನಿ ತಜ್ಞರು ತೀರ್ಮಾನಿಸುತ್ತಾರೆ.

ಆದರೆ ನನಗೆ ಹೆಚ್ಚು ಕಳವಳ ತಂದಿರುವುದು ಈ ಅಂಕಿಗಳಲ್ಲ, ತೊಡೆಸಂದಿನ ನೋವು. ಕಸಿಯ ನಂತರ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳಿಂದ ಮೊದಲ ವರ್ಷದಲ್ಲೇ ಮೂಳೆ ಹೆಚ್ಚು ಸವೆಯುತ್ತದೆ. ಕೆಲವರಲ್ಲಿ ಸೊಂಟದ ಕೀಲಿನೊಳಗಿರುವ ತೊಡೆಮೂಳೆಯ ತಲೆಗೆ ರಕ್ತಸಂಚಾರ ನಿಂತು ಆ ಭಾಗ ಸಾಯುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣುವುದರಿಂದ, ಎಕ್ಸ್‌ರೇ ನೋಡಿ ಸಮಾಧಾನಪಟ್ಟುಕೊಳ್ಳದೆ ಈ ವಾರದಲ್ಲೇ ವೈದ್ಯರನ್ನು ಕಂಡು ಎಂಆರ್‌ಐ ಮಾಡಿಸುವ ಬಗ್ಗೆ ಕೇಳಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಅನಂತರವಾದರೂ ಆದೀತು.

ಸ್ಟೀರಾಯ್ಡೇ ಕಾರಣವೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಕಸಿ ತಿರಸ್ಕೃತವಾಗುವ ಅಪಾಯವಿದೆ. ನೋವಿಗೆಂದು ಔಷಧಿ ಅಂಗಡಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಂಡು ನುಂಗಲೂಬೇಡಿ, ಅವು ಕಿಡ್ನಿಗೆ ಕೆಡುಕು. ಎಂಆರ್‌ಐ ವರದಿ ಕೈಸೇರುವವರೆಗೆ ಭಾರ ಎತ್ತದೆ, ನಡೆಯುವಾಗ ಎಡಗೈಯಲ್ಲಿ ಊರುಗೋಲು ಹಿಡಿಯಿರಿ. ನೋವಿರುವ ಬಲಗಡೆಯ ಕೀಲಿನ ಮೇಲಿನ ಭಾರ ಆಗಲೇ ಇಳಿಯುವುದು.