ಸ್ಕ್ಯಾನಿಂಗ್ ಕಲಿಯಬೇಕೆಂದ ಸುಮಾ ಮತ್ತು ಒಂದು ವರ್ಷದ ಡಿಪ್ಲೊಮಾ

ಈ ಪ್ರಕರಣವನ್ನು ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಾಯಿಸಲಾಗಿದೆ.

ಸುಮಾ ಎಂದು ಇಲ್ಲಿ ಕರೆಯುತ್ತಿರುವ ಯುವತಿಗೆ ಆಗ 22 ವರ್ಷ. ಅಡಿಕೆ ತೋಟವನ್ನೇ ನಂಬಿದ ಕುಟುಂಬದವಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಓದಿ, ಪದವಿಯ ಕೊನೆಯಲ್ಲಿ ಬರುವ ಇಂಟರ್ನ್‌ಶಿಪ್ ಮಾಡುತ್ತಿದ್ದ ಹೊತ್ತಿನಲ್ಲಿ ವೃತ್ತಿ ಮಾರ್ಗದರ್ಶನ ಕೇಳಿ ತಂದೆಯೊಂದಿಗೆ ನನ್ನ ಬಳಿ ಬಂದಿದ್ದಳು. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಎಲ್ಲವನ್ನೂ ಕಲಿಸುವ ಈ ಪದವಿಯಲ್ಲಿ ಆಕೆಯ ಮನಸ್ಸು ನಿಂತಿದ್ದು ಅಲ್ಟ್ರಾಸೌಂಡ್ ಕೋಣೆಯಲ್ಲಿ ಮಾತ್ರ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಬಣ್ಣದ ಕೈಪಿಡಿಯನ್ನು ಆಕೆ ಮೇಜಿನ ಮೇಲಿಟ್ಟಳು. ಒಂದು ವರ್ಷದ ಅಲ್ಟ್ರಾಸೌಂಡ್ ಡಿಪ್ಲೊಮಾ ಮುಗಿಸಿದರೆ ಸ್ವತಂತ್ರವಾಗಿ ಸ್ಕ್ಯಾನ್ ಮಾಡಬಹುದು, ಸ್ವಂತ ಸ್ಕ್ಯಾನಿಂಗ್ ಸೆಂಟರನ್ನೂ ತೆರೆಯಬಹುದು, ವಿದೇಶದಲ್ಲಿ ಸೋನೋಗ್ರಾಫರ್, ಅಂದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ತಂತ್ರಜ್ಞರ ಕೆಲಸಕ್ಕೂ ದಾರಿ ಸಿಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ತಂದೆ ಮಾತನಾಡಿದ್ದು ಕಡಿಮೆ. “ಇವಳು ಹೇಳಿದ ಫೀಸು ಕಟ್ಟಬೇಕು ಅಂದ್ರೆ ತೋಟ ಅಡವಿಡಬೇಕು. ಇಡೋದಕ್ಕೂ ನಾನು ತಯಾರಿದ್ದೀನಿ. ಆದ್ರೆ ಇದು ಸರಿಯೋ ತಪ್ಪೋ ಹೇಳೋರು ನಮ್ಮ ಕಡೆ ಯಾರೂ ಇಲ್ಲ” ಎಂದರು. ಮಗಳು ಊಟ ಕಡಿಮೆ ಮಾಡಿದ್ದಾಳೆ, ರಾತ್ರಿ ನಿದ್ದೆ ಮಾಡುವುದಿಲ್ಲ ಎಂಬುದು ಅವರ ಇನ್ನೊಂದು ದೂರು.

ವೃತ್ತಿ ಮಾರ್ಗದರ್ಶನ ಕೇಳಿ ಬರುವವರಲ್ಲಿ ಅನೇಕರು ಪ್ರಶ್ನೆಯೊಂದಿಗೆ ಹಳೆಯ ನೋವೊಂದನ್ನೂ ತಂದಿರುತ್ತಾರೆ. ಸುಮಾ ಎರಡು ಬಾರಿ ನೀಟ್ ಬರೆದು ಎಂ.ಬಿ.ಬಿ.ಎಸ್. ಸೀಟು ಸಿಗದೆ ಈ ಪದವಿಗೆ ಸೇರಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳು ತನ್ನನ್ನು ಡಾಕ್ಟರೇ ಎಂದು ಕರೆದಾಗ ಆಗುವ ಸಂತೋಷವನ್ನೂ, ಕೂಡಲೇ ಯಾರಾದರೂ “ಅವರು ಟೆಕ್ನಿಷಿಯನ್” ಎಂದು ತಿದ್ದಿದಾಗ ಆಗುವ ಸಂಕಟವನ್ನೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ಹೀಗಾಗಿ ನನ್ನ ಮೊದಲ ಕೆಲಸ ಆಕೆಯ ಎರಡು ಆಸೆಗಳನ್ನು ಬೇರ್ಪಡಿಸುವುದಾಗಿತ್ತು. ಅಲ್ಟ್ರಾಸೌಂಡ್ ಬೇಕಾಗಿರುವುದು ಅದು ವೈದ್ಯರ ಕೆಲಸಕ್ಕೆ ಹತ್ತಿರವಿದೆ ಎಂಬ ಕಾರಣಕ್ಕೋ, ಆ ಕೆಲಸವೇ ಇಷ್ಟವೆಂಬ ಕಾರಣಕ್ಕೋ?

ಇದನ್ನು ನೇರವಾಗಿ ಕೇಳದೆ, ಆ ಕೋಣೆಯಲ್ಲಿ ಕಂಡ ಯಾವುದಾದರೂ ಒಂದನ್ನು ವಿವರಿಸಲು ಹೇಳಿದೆ. ಆಕೆಯ ಮುಖವೇ ಬದಲಾಯಿತು. ಹೊಟ್ಟೆನೋವೆಂದು ಬಂದ ಮಧ್ಯವಯಸ್ಸಿನ ಹೆಂಗಸೊಬ್ಬರ ಪಿತ್ತಕೋಶವನ್ನು ರೇಡಿಯಾಲಜಿಸ್ಟ್ (ಸ್ಕ್ಯಾನಿಂಗ್ ತಜ್ಞ ವೈದ್ಯರು) ನೋಡುತ್ತಿದ್ದರಂತೆ. ಅಲ್ಲೊಂದು ಬಿಳಿಯ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಅವರನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರು ಎಳೆದು ಹಿಡಿಯಲು ಹೇಳಿ ಮತ್ತೆ ಪ್ರೋಬ್ (ಮೈಮೇಲೆ ಒತ್ತಿ ಸರಿಸುವ ಸ್ಕ್ಯಾನಿಂಗ್ ಸಾಧನ) ಇಟ್ಟಾಗ, “ಕಲ್ಲು ಉರುಳಿತು ಮೇಡಂ, ನೆರಳೂ ಅದರ ಜೊತೆಗೇ ಸರಿಯಿತು. ಅಂಟಿಕೊಂಡಿದ್ದ ಗಡ್ಡೆಯಾಗಿದ್ದರೆ ಅಲುಗಾಡುತ್ತಿರಲಿಲ್ಲ” ಎಂದು ಬಲಗೈಯನ್ನು ಗಾಳಿಯಲ್ಲೇ ತಿರುಗಿಸಿ ತೋರಿಸಿದಳು. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ಲೆಕ್ಕ ಹಿಡಿಯುತ್ತದೆ ಎಂಬುದು, ಹೊಟ್ಟೆಯ ಆಳಕ್ಕೆ ಕಡಿಮೆ ಕಂಪನಾಂಕದ ಬಾಗಿದ ಪ್ರೋಬ್ ಬೇಕು, ಥೈರಾಯ್ಡಿನಂಥ ಮೇಲ್ಪದರದ ಅಂಗಕ್ಕೆ ಹೆಚ್ಚು ಕಂಪನಾಂಕದ ನೇರ ಪ್ರೋಬ್ ಬೇಕು ಎಂಬುದು ಆಕೆಗೆ ಪರೀಕ್ಷೆಗಾಗಿ ಉರುಹೊಡೆದ ಪಾಠವಾಗಿರಲಿಲ್ಲ. ಆಳ ಬೇಕಾದರೆ ಸೂಕ್ಷ್ಮತೆಯನ್ನು ಸ್ವಲ್ಪ ಬಿಟ್ಟುಕೊಡಬೇಕು ಎಂಬ ಆ ಕೊಡುಕೊಳ್ಳುವಿಕೆಯನ್ನು ಆಕೆ ತಾನೇ ಕಂಡು ಅರ್ಥಮಾಡಿಕೊಂಡಿದ್ದಳು. ಎಂ.ಬಿ.ಬಿ.ಎಸ್. ತಪ್ಪಿದ ನೋವು ನಿಜ, ಆದರೆ ಈ ಒಲವು ಆ ನೋವಿನಿಂದ ಹುಟ್ಟಿದ್ದಲ್ಲ ಎಂದು ನನಗೆ ಖಚಿತವಾಯಿತು. ಅದನ್ನು ಆಕೆಗೆ ಹೇಳಿದೆ ಕೂಡ, ಏಕೆಂದರೆ ಮುಂದೆ ಹೇಳಬೇಕಾಗಿದ್ದ ಮಾತು ಕಹಿಯಾದದ್ದು.

ಆ ಮಾತು ಕಾನೂನಿಗೆ ಸಂಬಂಧಿಸಿದ್ದು. ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಬೇರೆ ವೈದ್ಯಕೀಯ ಉಪಕರಣಗಳಂತೆ ನೋಡುವುದಿಲ್ಲ. ಹೆಣ್ಣುಭ್ರೂಣ ಹತ್ಯೆಯನ್ನು ತಡೆಯಲು 1994ರಲ್ಲಿ ಬಂದು, 1996ರಿಂದ ಜಾರಿಯಾಗಿ, 2003ರಲ್ಲಿ ತಿದ್ದುಪಡಿಯಾದ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆಯ ಅಡಿಯಲ್ಲಿ ಸ್ಕ್ಯಾನಿಂಗ್ ಕೇಂದ್ರವೂ ಯಂತ್ರವೂ ನೋಂದಣಿಯಾಗಿರಬೇಕು. ಅಲ್ಲಿ ಸ್ಕ್ಯಾನ್ ಮಾಡುವವರು ನಿಯಮಗಳು ಹೇಳುವ ಅರ್ಹತೆಯುಳ್ಳ ವೈದ್ಯರಾಗಿರಬೇಕು. ಎಂ.ಬಿ.ಬಿ.ಎಸ್. ಆದವರಿಗೂ ಅದಷ್ಟೇ ಸಾಲದೆಂದು 2014ರ ನಿಯಮಗಳು ಆರು ತಿಂಗಳ, ಒಟ್ಟು 300 ಗಂಟೆಗಳ ತರಬೇತಿಯನ್ನು ನಿಗದಿಪಡಿಸಿವೆ. ವೈದ್ಯರಿಗೇ ಇಷ್ಟು ಕಟ್ಟುಪಾಡಿರುವಾಗ, ವೈದ್ಯರಲ್ಲದವರು ಒಂದು ವರ್ಷದ ಖಾಸಗಿ ಡಿಪ್ಲೊಮಾ ಹಿಡಿದು ಸ್ವತಂತ್ರವಾಗಿ ಸ್ಕ್ಯಾನ್ ಮಾಡಬಹುದು ಎಂಬ ಭರವಸೆಗೆ ಆಧಾರವಿಲ್ಲ. ಕೈಪಿಡಿಯ “ಸ್ವಂತ ಸೆಂಟರ್” ಎಂಬ ಮಾತಿನಲ್ಲಿ ಅರ್ಧ ಸತ್ಯವಿತ್ತು: ಅರ್ಹ ವೈದ್ಯರನ್ನು ನೇಮಿಸಿಕೊಂಡು, ನೋಂದಣಿ ಪಡೆದು, ಕೇಂದ್ರದ ಒಡೆತನವನ್ನು ಬೇರೆಯವರೂ ಹೊಂದಬಹುದು. ಒಡತಿಯಾದ ಮಾತ್ರಕ್ಕೆ ಪ್ರೋಬ್ ಹಿಡಿಯುವ ಹಕ್ಕು ಬರುವುದಿಲ್ಲ.

ಸುಮಾಳಿಗೆ ಈ ಕಾಯ್ದೆಯ ಹೆಸರು ಗೊತ್ತಿತ್ತು, ಗರ್ಭಿಣಿಯರ ಸ್ಕ್ಯಾನಿನ ವಿವರ ದಾಖಲಿಸುವ ‘ಎಫ್’ ನಮೂನೆಯನ್ನು ದಿನವೂ ತುಂಬುತ್ತಿದ್ದಳು. ಆದರೆ ಆ ಹಾಳೆಯ ಭಾರ ಆಕೆಗೆ ಗೊತ್ತಿರಲಿಲ್ಲ. ದಾಖಲೆಯಲ್ಲಿ ಕೊರತೆ ಅಥವಾ ತಪ್ಪು ಕಂಡರೆ, ಹಾಗಲ್ಲವೆಂದು ಸ್ಕ್ಯಾನ್ ಮಾಡಿದವರು ಸಾಬೀತುಪಡಿಸದ ಹೊರತು, ಅದನ್ನು ಕಾಯ್ದೆಯ ಉಲ್ಲಂಘನೆಯೆಂದೇ ಭಾವಿಸಲಾಗುತ್ತದೆ. ಅದನ್ನು ಬರೀ ಗುಮಾಸ್ತಿಕೆಯ ಲೋಪವೆಂದು ಬದಿಗಿಡಲಾಗದು ಎಂದು ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಮತ್ತು ಇದು ಜಾಮೀನುರಹಿತ ಅಪರಾಧ.

ಇದೆಲ್ಲ ದೂರದ ಮಾತಲ್ಲ ಎಂದು ತೋರಿಸಲು ಮಂಡ್ಯದ ವಿಷಯವನ್ನು ನೆನಪಿಸಿದೆ. 2023ರ ಕೊನೆಯಲ್ಲಿ ಬಯಲಿಗೆ ಬಂದ ಭ್ರೂಣಲಿಂಗ ಪತ್ತೆ ಜಾಲವು ಬೆಲ್ಲ ಮಾಡುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತು. ಬಂಧಿತರಾದವರಲ್ಲಿ ವೈದ್ಯರೂ ಇದ್ದರು, ಲ್ಯಾಬ್ ಟೆಕ್ನಿಷಿಯನ್ ಕೂಡ ಇದ್ದ. ಆಗ ಸುಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದಳು. ಗರ್ಭಿಣಿಯೊಬ್ಬರ ಅತ್ತೆ ಕಾರಿಡಾರಿನಲ್ಲಿ ಆಕೆಯ ಕೈಗೆ ಮಡಚಿದ ನೋಟು ತುರುಕಿ, “ನೀನು ಒಳಗೇ ಇದ್ದೆಯಲ್ಲವ್ವ, ಏನು ಅಂತ ಬಾಯಿಬಿಟ್ಟು ಹೇಳಬೇಡ, ತಲೆ ಆಡಿಸು ಸಾಕು” ಎಂದಿದ್ದರಂತೆ. ಆಕೆ ನೋಟು ಹಿಂದಿರುಗಿಸಿ ಬಂದಿದ್ದಳು. ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಇನ್ನಾವುದೇ ರೀತಿಯಿಂದಾಗಲಿ ಭ್ರೂಣದ ಲಿಂಗವನ್ನು ತಿಳಿಸಬಾರದು ಎಂದು ಕಾಯ್ದೆ ಹೇಳುವುದು ಇಂಥ ತಲೆಯಾಡಿಸುವಿಕೆಗಾಗಿಯೇ. ಆಕೆಯ ನಿದ್ದೆ ಕೆಡಲು ಈ ಘಟನೆಯೂ ಒಂದು ಕಾರಣವಾಗಿತ್ತು. ತಾನು ತಪ್ಪು ಮಾಡದಿದ್ದರೂ ಅಪರಾಧಿಯಂತೆ ಅನ್ನಿಸುತ್ತಿದೆ ಎಂದಳು. ವಿಭಾಗದ ಮುಖ್ಯಸ್ಥರಿಗೆ ಇದನ್ನು ತಿಳಿಸುವಂತೆ ಸಲಹೆ ಕೊಟ್ಟೆ. ಹಾಗೆ ತಿಳಿಸಿದ ಮೇಲೆ ಮನಸ್ಸು ಎಷ್ಟೋ ಹಗುರವಾಯಿತೆಂದು ಮುಂದಿನ ಭೇಟಿಯಲ್ಲಿ ಹೇಳಿದಳು.

ಹಾಗಾದರೆ ಈ ಒಲವನ್ನು ಎಲ್ಲಿಗೆ ಕೊಂಡೊಯ್ಯುವುದು? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಸೋನೋಗ್ರಾಫರ್ ಎಂಬುದು ನಿಜಕ್ಕೂ ಒಂದು ಪ್ರತ್ಯೇಕ ವೃತ್ತಿ. ಅಮೆರಿಕದಲ್ಲಿ ರೋಗಿಯನ್ನು ಸ್ಕ್ಯಾನ್ ಮಾಡಿ ಚಿತ್ರಗಳನ್ನು ಸಂಗ್ರಹಿಸುವವರು ಸೋನೋಗ್ರಾಫರ್, ಅಂತಿಮ ವರದಿ ವೈದ್ಯರದು. ಬ್ರಿಟನ್ನಿನಲ್ಲಿ ಅನುಭವಿ ಸೋನೋಗ್ರಾಫರ್‌ಗಳು ವರದಿಯನ್ನೂ ತಾವೇ ಬರೆಯುತ್ತಾರೆ. ಟೆಕ್ಸಾಸ್‌ನಲ್ಲಿರುವ ಬಂಧುವೊಬ್ಬರು ಸುಮಾಳ ತಲೆಯಲ್ಲಿ ಅಮೆರಿಕದ ಕನಸು ಬಿತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅಪೂರ್ಣ. ಅಲ್ಲಿ ಹೆಚ್ಚಿನ ಉದ್ಯೋಗದಾತರು ಕೇಳುವುದು ಎ.ಆರ್.ಡಿ.ಎಂ.ಎಸ್. ಸಂಸ್ಥೆಯ ಪ್ರಮಾಣಪತ್ರ. ಅದಕ್ಕೆ ಅಲ್ಟ್ರಾಸೌಂಡ್ ಭೌತಶಾಸ್ತ್ರ ಮತ್ತು ಯಂತ್ರಜ್ಞಾನದ ಒಂದು ಪರೀಕ್ಷೆ, ಹೊಟ್ಟೆ ಅಥವಾ ಪ್ರಸೂತಿಯಂಥ ವಿಶೇಷ ಕ್ಷೇತ್ರದ ಇನ್ನೊಂದು ಪರೀಕ್ಷೆ, ಎರಡನ್ನೂ ಐದು ವರ್ಷದೊಳಗೆ ಪಾಸು ಮಾಡಬೇಕು. ಪರೀಕ್ಷೆಗೆ ಕೂರುವ ಅರ್ಹತೆಯೇ ದೊಡ್ಡ ಅಡ್ಡಿ. ಮಾನ್ಯತೆ ಪಡೆದ ಸೋನೋಗ್ರಫಿ ಕೋರ್ಸ್ ಮಾಡದೆ ಬೇರೆ ಪದವಿಯ ಮೇಲೆ ಬರುವವರು ಹನ್ನೆರಡು ತಿಂಗಳ ಪೂರ್ಣಾವಧಿ ಸ್ಕ್ಯಾನಿಂಗ್ ಅನುಭವ ತೋರಿಸಬೇಕು, ಅಂದರೆ ವಾರಕ್ಕೆ 35 ಗಂಟೆಯಂತೆ ಕನಿಷ್ಠ 48 ವಾರ, ಒಟ್ಟು 1680 ಗಂಟೆ. ಭಾರತದಲ್ಲಿ ಪ್ರೋಬ್ ವೈದ್ಯರ ಕೈಯಲ್ಲಿರುವಾಗ, ಜೆಲ್ ಹಚ್ಚಿ ನಮೂನೆ ತುಂಬುವ ಟೆಕ್ನಾಲಜಿಸ್ಟ್ ಈ ಗಂಟೆಗಳನ್ನು ಪ್ರಾಮಾಣಿಕವಾಗಿ ಎಲ್ಲಿಂದ ತರಬೇಕು? ಅನುಭವದ ಪತ್ರವನ್ನು ‘ಹೇಗೋ’ ಹೊಂದಿಸಿಕೊಡುತ್ತೇವೆ ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದ್ದನ್ನು ಸುಮಾ ನೆನಪಿಸಿಕೊಂಡಳು. ಆ ಮಾತು ಒಂದೇ ಸಾಕು, ಅವರಿಂದ ದೂರವಿರಲು ಎಂದು ಸ್ಪಷ್ಟವಾಗಿ ಹೇಳಿದೆ. ಸುಳ್ಳು ಅನುಭವಪತ್ರದ ಮೇಲೆ ಕಟ್ಟಿದ ವೃತ್ತಿಯಲ್ಲಿ ಆಕೆಗೆ ಅಪಾಯವಿದೆ, ಆಕೆ ಸ್ಕ್ಯಾನ್ ಮಾಡುವ ರೋಗಿಗೆ ಅದಕ್ಕಿಂತ ಹೆಚ್ಚಿನ ಅಪಾಯವಿದೆ.

ಆಕೆಯ ಪದವಿಗೆ ಹೆಚ್ಚು ಹೊಂದುವ ದಾರಿ ಬ್ರಿಟನ್ನಿನದು. ಅಲ್ಲಿ ರೇಡಿಯೋಗ್ರಾಫರ್ (ಎಕ್ಸ್-ರೇಯಂಥ ಚಿತ್ರ ತೆಗೆಯುವ ತಂತ್ರಜ್ಞ) ಆಗಿ, ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಾದ ಎಚ್.ಸಿ.ಪಿ.ಸಿ.ಯಲ್ಲಿ ನೋಂದಣಿ ಪಡೆದು, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಅಲ್ಟ್ರಾಸೌಂಡಿನ ಸ್ನಾತಕೋತ್ತರ ಪ್ರಮಾಣಪತ್ರ ಅಥವಾ ಡಿಪ್ಲೊಮಾ ಮಾಡಿ ಸೋನೋಗ್ರಾಫರ್ ಆಗುವ ಪದ್ಧತಿ ಬಹುಕಾಲದಿಂದ ಇದೆ. ಇಲ್ಲಿ ನೋಡಬೇಕಾದದ್ದು ಎರಡು. ಕೋರ್ಸಿಗೆ ಅಲ್ಲಿನ ಸೋನೋಗ್ರಫಿ ಶಿಕ್ಷಣವನ್ನು ಪರಿಶೀಲಿಸುವ ‘ಕೇಸ್’ ಎಂಬ ಒಕ್ಕೂಟದ ಮಾನ್ಯತೆ ಇದೆಯೇ? ಕಲಿಯುವಾಗ ರೋಗಿಗಳನ್ನು ಸ್ಕ್ಯಾನ್ ಮಾಡಲು ಆಸ್ಪತ್ರೆಯ ಸ್ಥಾನ ನಿಜವಾಗಿ ಸಿಗುತ್ತದೆಯೇ? ಆಸ್ಪತ್ರೆಯ ಸ್ಥಾನವಿಲ್ಲದ, ಓದು ಮಾತ್ರ ಇರುವ ಅಲ್ಟ್ರಾಸೌಂಡ್ ಎಂ.ಎಸ್ಸಿ. ಮುಗಿಸಿದರೂ ಕೈ ಪಳಗುವುದಿಲ್ಲ, ಕೆಲಸವೂ ಸಿಗುವುದಿಲ್ಲ. ಈಜು ಕಲಿಯಲು ನೀರಿಗಿಳಿಯಲೇಬೇಕಾದಂತೆ, ಈ ವಿದ್ಯೆಗೆ ಬೇರೆ ಬೇರೆ ದೇಹಗಳ ಮೇಲೆ ನೂರಾರು ಬಾರಿ ಪ್ರೋಬ್ ಇಟ್ಟ ಅಭ್ಯಾಸ ಬೇಕು.

ನಮ್ಮಲ್ಲೇ ಇರುವ ಇನ್ನೊಂದು ದಾರಿ ಎಕೋಕಾರ್ಡಿಯೋಗ್ರಫಿ, ಅಂದರೆ ಹೃದಯದ ಅಲ್ಟ್ರಾಸೌಂಡ್. ಹೃದ್ರೋಗ ವಿಭಾಗಗಳಲ್ಲಿ ತಜ್ಞರ ಮೇಲುಸ್ತುವಾರಿಯಲ್ಲಿ ಎಕೋ ಮಾಡುವ ತಂತ್ರಜ್ಞರಿದ್ದಾರೆ, ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಪದವಿ ಅದಕ್ಕಾಗಿಯೇ ಇದೆ. ಪಿ.ಯು.ಸಿ. ಮುಗಿಸಿದ ಹುಡುಗಿಯಾಗಿದ್ದರೆ ಇದನ್ನೇ ಮೊದಲು ಹೇಳುತ್ತಿದ್ದೆ. ಸುಮಾಳಿಗೆ ಅದು ಮತ್ತೆ ಮೊದಲಿನಿಂದ ಶುರುಮಾಡಿದಂತಾಗುತ್ತಿತ್ತು, ಆಕೆಗೂ ಮನಸ್ಸಿರಲಿಲ್ಲ.

ಆಕೆ ಕೇಳದಿದ್ದರೂ ಎರಡು ವಿಷಯಗಳನ್ನು ನಾನೇ ಎತ್ತಿದೆ. ಒಂದು, ದೇಹದ್ದು. ದಿನವಿಡೀ ತೋಳು ಚಾಚಿ, ಪ್ರೋಬನ್ನು ಬಿಗಿಯಾಗಿ ಒತ್ತಿ, ಕುತ್ತಿಗೆ ತಿರುಗಿಸಿ ಪರದೆ ನೋಡುವ ಸೋನೋಗ್ರಾಫರ್‌ಗಳಲ್ಲಿ ಭುಜ, ಮಣಿಕಟ್ಟು, ಕುತ್ತಿಗೆಯ ನೋವು ಬಹಳ ಸಾಮಾನ್ಯ. ನೋವಿನಿಂದಾಗಿಯೇ ವೃತ್ತಿ ಬಿಟ್ಟವರಿದ್ದಾರೆ. ಮಂಚದ ಎತ್ತರ, ಕುರ್ಚಿ, ತೋಳಿಗೆ ಆಧಾರ ಇವನ್ನು ಸರಿಪಡಿಸಿಕೊಳ್ಳುವುದನ್ನು ಕಲಿಕೆಯ ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಇನ್ನೊಂದು, ಮೌನದ್ದು. ಮಗುವಿನ ಎದೆಬಡಿತ ಕಾಣದಿದ್ದಾಗ ಅದು ಮೊದಲು ಗೊತ್ತಾಗುವುದು ಪ್ರೋಬ್ ಹಿಡಿದವರಿಗೆ. ತಾಯಿ ಪರದೆಗಿಂತ ಹೆಚ್ಚಾಗಿ ಅವರ ಮುಖವನ್ನೇ ನೋಡುತ್ತಿರುತ್ತಾಳೆ. ಅಂಥ ಹೊತ್ತಿನಲ್ಲಿ ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಒಳ್ಳೆಯ ಕೋರ್ಸ್‌ಗಳು ಪಠ್ಯದ ಭಾಗವಾಗಿ ಕಲಿಸುತ್ತವೆ. ಕೋರ್ಸ್ ಆರಿಸುವಾಗ ಅದನ್ನೂ ಕೇಳಿ ನೋಡು ಎಂದೆ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ಡಿಪ್ಲೊಮಾಕ್ಕೆ ಮುಂಗಡವನ್ನೂ ಕಟ್ಟಬಾರದು. ಕೈಪಿಡಿಯಲ್ಲಿ ಬರೆದದ್ದಕ್ಕೆ ಯಾವ ಕಾನೂನಿನ ಆಧಾರವಿದೆ, ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯ ಅಥವಾ ಪರಿಷತ್ತಿನ ಮಾನ್ಯತೆಯಿದೆ, ಅಭ್ಯಾಸದ ಹೊತ್ತಿನಲ್ಲಿ ಪ್ರೋಬ್ ಯಾರ ಕೈಯಲ್ಲಿರುತ್ತದೆ ಎಂದು ಸಂಸ್ಥೆಗೆ ಲಿಖಿತವಾಗಿ ಕೇಳಬೇಕು. ಇಂಟರ್ನ್‌ಶಿಪ್ ಮುಗಿಸಿ, ಸಿ.ಟಿ. ಮತ್ತು ಎಂ.ಆರ್.ಐ. ಎರಡೂ ಇರುವ ವಿಭಾಗದಲ್ಲಿ ಕನಿಷ್ಠ ಎರಡು ವರ್ಷ ದುಡಿಯಬೇಕು. ಅಡ್ಡಕೊಯ್ತದ ಚಿತ್ರಗಳಲ್ಲಿ ಕಲಿತ ಅಂಗರಚನೆ ನಾಳೆ ಅಲ್ಟ್ರಾಸೌಂಡ್ ಪರದೆಯ ಮುಂದೆ ಆಕೆಯ ಕೈಹಿಡಿಯುತ್ತದೆ. ಆ ಸಂಬಳದಲ್ಲಿ ಇಂಗ್ಲಿಷ್ ಪರೀಕ್ಷೆ ಮತ್ತು ನೋಂದಣಿಯ ಖರ್ಚನ್ನು ಆಕೆಯೇ ಭರಿಸಬೇಕು. ತೋಟವನ್ನು ಮುಟ್ಟಬಾರದು. 2021ರ ಕಾಯ್ದೆಯಿಂದ ರಚನೆಯಾದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ಇಮೇಜಿಂಗ್ ಟೆಕ್ನಾಲಜಿಸ್ಟರೂ ಬಂದಿರುವುದರಿಂದ, ನೋಂದಣಿಗೆ ಬೇಕಾಗುವ ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರಗಳನ್ನು ಈಗಲೇ ಕ್ರಮವಾಗಿ ಇಟ್ಟುಕೊಳ್ಳುವಂತೆಯೂ ತಿಳಿಸಿದೆ.

ತಂದೆಯೊಂದಿಗೆ ಬೇರೆಯಾಗಿ ಮಾತನಾಡಿದೆ. ಮಗಳು ಹಟಮಾರಿಯಲ್ಲ, ಆಕೆಗೆ ಸರಿಯಾದ ಮಾಹಿತಿ ಸಿಕ್ಕಿರಲಿಲ್ಲ ಎಂದಾಗ ಅವರ ಕಣ್ಣು ತುಂಬಿತು. ನೀಟ್ ಫಲಿತಾಂಶದ ದಿನ ತಾವು ಆಡಿದ ಮಾತೊಂದನ್ನು ಮಗಳು ಇನ್ನೂ ಮರೆತಿಲ್ಲವೆಂದು ಅವರಿಗೆ ಗೊತ್ತಿತ್ತು. ಅದನ್ನು ಮನೆಯಲ್ಲಿ, ಅವರೇ ಆಕೆಯೊಂದಿಗೆ ಮಾತಾಡಿಕೊಳ್ಳಬೇಕೆಂದು ಕೋರಿದೆ. ಮಾತಾಡಿದರು.

ಸಂಸ್ಥೆಯಿಂದ ಲಿಖಿತ ಉತ್ತರ ಬರಲಿಲ್ಲ, ಫೋನು ಮಾತ್ರ ಮತ್ತೆ ಮತ್ತೆ ಬಂತು. ಸುಮಾ ಈಗ ಆಸ್ಪತ್ರೆಯೊಂದರ ಸಿ.ಟಿ. ವಿಭಾಗದಲ್ಲಿದ್ದಾಳೆ, ನಿದ್ದೆ ಸರಿಹೋಗಿದೆ. ಇಂಗ್ಲಿಷ್ ಪರೀಕ್ಷೆಯ ತಯಾರಿ ನಡೆದಿದೆ. ಬ್ರಿಟನ್ನಿನ ಎರಡು ವಿಶ್ವವಿದ್ಯಾಲಯಗಳಿಗೆ ಆಸ್ಪತ್ರೆಯ ಸ್ಥಾನದ ಬಗ್ಗೆ ಪತ್ರ ಬರೆದಿದ್ದಾಳೆ, ಉತ್ತರ ಬಂದ ಮೇಲೆ ಅವನ್ನು ತಂದು ಕೂತು ಓದೋಣವೆಂದು ಮುಂದಿನ ಭೇಟಿಯನ್ನು ನಿಗದಿಪಡಿಸಿದ್ದೇವೆ.