ಹೆಸರು ಬದಲಿಸಿಕೊಳ್ಳಲು ಅಫಿಡವಿಟ್ ಒಂದೇ ಸಾಕೇ?

ಪ್ರಶ್ನೆ: ನನಗೆ 31 ವರ್ಷ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ನನಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ಹಿರಿಯರು ನನಗೆ ತಿಪ್ಪವ್ವ ಎಂದು ಹೆಸರಿಟ್ಟರು. ಅದನ್ನು ತೇಜಸ್ವಿನಿ ಎಂದು ಬದಲಿಸಿಕೊಂಡು, ಆ ಮೇಲೆ ಪಾಸ್‌ಪೋರ್ಟ್ ಮಾಡಿಸಬೇಕೆಂದಿದ್ದೇನೆ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರೆ ಸಾಕು ಎನ್ನುತ್ತಾರೆ. ನಿಜವೇ?

ಉತ್ತರ: ಸಾಲದು. ಅಫಿಡವಿಟ್ ಈ ಕೆಲಸದ ಮೊದಲ ಹಂತವಷ್ಟೇ. ವಯಸ್ಕರ ಹೆಸರು ಬದಲಾವಣೆಗೆಂದೇ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಫಿಡವಿಟ್, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ (ಸರ್ಕಾರದ ಅಧಿಕೃತ ಪತ್ರಿಕೆಯಾದ ಗೆಜೆಟ್) ಎಂಬ ಕ್ರಮ ರೂಢಿಯಿಂದ ಬಂದದ್ದು. ಆದರೆ ನಿಮ್ಮ ಹಕ್ಕಿನ ಬಗ್ಗೆ ಅನುಮಾನ ಬೇಡ: ಹೆಸರು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2021ರಲ್ಲಿ, ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ.

ಅಫಿಡವಿಟ್‌ನಲ್ಲಿ ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ ಮತ್ತು ಕಾರಣ ಇರಲಿ. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿದರಾಯಿತು. ಮನೆಯ ಕಥೆಯನ್ನೆಲ್ಲ ಬರೆಯಬೇಕಿಲ್ಲ. ಅನಂತರ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣುವಂತೆ ಇಡೀ ಪುಟವನ್ನೇ ತೆಗೆದಿಡಿ.

ಇದಕ್ಕೂ ಮೊದಲು ಹೊಸ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಖಚಿತಪಡಿಸಿಕೊಳ್ಳಿ. ತೇಜಸ್ವಿನಿಯನ್ನು ‘ವಿ’ ಅಕ್ಷರದಿಂದಲೂ ಬರೆಯುತ್ತಾರೆ, ‘ಡಬ್ಲ್ಯೂ’ದಿಂದಲೂ ಬರೆಯುತ್ತಾರೆ, ಅಫಿಡವಿಟ್‌ನಲ್ಲಿ ಒಂದು, ಪ್ರಕಟಣೆಯಲ್ಲಿ ಇನ್ನೊಂದು ಬಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಬಹುದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲವಾದ್ದರಿಂದ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಈಗಲೇ ಪೂರ್ತಿಯಾಗಿ ಸೇರಿಸಿಕೊಳ್ಳುವುದು ಜಾಣತನ.

ಮುಂದಿನದು ಭಾರತ ರಾಜ್ಯಪತ್ರ, ಅಂದರೆ ಕೇಂದ್ರದ ಗೆಜೆಟ್. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಗೆ ನಿಗದಿತ ನಮೂನೆಯಲ್ಲಿ, ಇಬ್ಬರು ಸಾಕ್ಷಿಗಳ ಸಹಿ, ಭಾವಚಿತ್ರ, ಗುರುತಿನ ದಾಖಲೆ ಮತ್ತು ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ರಾಜ್ಯಪತ್ರಕ್ಕೆ ಕಳುಹಿಸುವ ಪ್ರಕಟಣೆಯ ಕೆಳಗೆ ಹಳೆಯ ಹೆಸರಿನಲ್ಲಿಯೇ ಸಹಿ ಮಾಡಬೇಕು. ಉತ್ಸಾಹದಲ್ಲಿ ಹೊಸ ಹೆಸರಿನ ಸಹಿ ಹಾಕಿ ಕಳುಹಿಸಬೇಡಿ. ನೀವು ಸರ್ಕಾರಿ ಸೇವೆಯಲ್ಲಿದ್ದರೆ ಮೊದಲು ನಿಮ್ಮ ಇಲಾಖೆಯ ಮೂಲಕ ಹೋಗಬೇಕಾಗುತ್ತದೆ.

ರಾಜ್ಯಪತ್ರದಲ್ಲಿ ಹೆಸರು ಬಂದ ಮಾತ್ರಕ್ಕೆ ಹಳೆಯ ದಾಖಲೆಗಳು ತಾವಾಗಿಯೇ ಬದಲಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೊಸ ಹೆಸರು ಬೇಕೆನ್ನುವವರು ನಮ್ಮಲ್ಲಿ ಸಾಮಾನ್ಯವಾಗಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮಿನಡಿ ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ, ಅಂದರೆ ಹೊಸ ಹೆಸರು ತಮ್ಮದೇ ಎಂದು ನ್ಯಾಯಾಲಯ ಘೋಷಿಸಲಿ ಎಂದು ಕೋರುವ ದಾವೆ, ಹೂಡುತ್ತಾರೆ. ನನ್ನ ಸಲಹೆಯೆಂದರೆ, ನೀವು ಆ ದಾರಿಗೆ ಈಗಲೇ ಇಳಿಯಬೇಡಿ; ಹಳೆಯ ಅಂಕಪಟ್ಟಿಯ ಜೊತೆ ರಾಜ್ಯಪತ್ರದ ಪ್ರತಿಯನ್ನು ಇಟ್ಟರೆ ಇಬ್ಬರೂ ಒಬ್ಬರೇ ಎಂದು ತೋರಿಸಲು ಬಹುತೇಕ ಕಡೆ ಸಾಕಾಗುತ್ತದೆ.

ರಾಜ್ಯಪತ್ರ ಕೈಗೆ ಬಂದ ಮೇಲೆ ಮೊದಲು ಆಧಾರ್, ಆಮೇಲೆ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಸರಿಪಡಿಸಿಕೊಳ್ಳಿ. ಆಧಾರ್‌ನಲ್ಲಿ ಜೀವಮಾನದಲ್ಲಿ ಎರಡೇ ಸಲ ಹೆಸರು ಬದಲಿಸಲು ಅವಕಾಶವಿರುವುದರಿಂದ ಅಲ್ಲಿ ಅವಸರ ಬೇಡ. ವಿದೇಶದ ಉದ್ಯೋಗದಾತರು ಪಾಸ್‌ಪೋರ್ಟನ್ನು ನಿಮ್ಮ ವೃತ್ತಿ ನೋಂದಣಿಯೊಂದಿಗೆ ಹೋಲಿಸಿ ನೋಡುವ ಸಾಧ್ಯತೆ ಇರುವುದರಿಂದ, ನರ್ಸಿಂಗ್ ಕೌನ್ಸಿಲ್‌ನಲ್ಲೂ ಹೊಸ ಹೆಸರನ್ನು ನಮೂದಿಸುವಂತೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆದ ನಂತರವೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ.